ಲೆನ್ಸಿನ ನೀಲಿ ತಿಕ್ಕಿ ತೆಗೆದ ಅಳಿಯದೇವರಿಗೆ

ಚೌಕಿಪೇಟೆ, ದಾವಣಗೆರೆ
ದೀಪಾವಳಿ ಕಳೆದ ಮರುತಿಂಗಳು, ೧೯೫೮

ಹರಿಹರದ ಬಸ್ ನಿಲ್ದಾಣದ ಎದುರು ಕಂದೀಲು, ಗ್ಯಾಸ್‌ಲೈಟು ಹಾಗೂ ಸೀಮೆಎಣ್ಣೆ ಸ್ಟೌಗಳ ರಿಪೇರಿಯಲ್ಲಿ ಹೆಸರಾಗಿ, ಮಲೆಬೆನ್ನೂರಿನ ಸಂತೆಯವರೆಗೂ ಕೀರ್ತಿ ಹಬ್ಬಿಸಿಕೊಂಡಿರುವ, ನಮ್ಮ ಅಕ್ಕ ದ್ರಾಕ್ಷಾಯಣಮ್ಮನ ಯಜಮಾನರೂ ನಮ್ಮ ಮನೆಗೆ ಇರುವ ಒಬ್ಬರೇ ಅಳಿಯಂದಿರೂ ಆದ ಶ್ರೀಮಾನ್ ತೋಟಪ್ಪನವರ ಸನ್ನಿಧಾನಕ್ಕೆ,

ಮಾನ್ಯ ಭಾವನವರೇ,

ಚೌಕಿಪೇಟೆಯ ಮಾಳಿಗೆಯ ಮೇಲೆ ಫೋಟೋ ಸ್ಟುಡಿಯೋ ಇಟ್ಟುಕೊಂಡು ಹೇಗೋ ದಿನ ನೂಕುತ್ತಿರುವ ತಮ್ಮ ಭಾವಮೈದುನ ಹಾಲೇಶಪ್ಪನ ಅನಂತ ಶರಣು ಶರಣಾರ್ಥಿಗಳು. ತಾವು ಕ್ಷೇಮವೆಂದೂ, ಅಕ್ಕ ಕ್ಷೇಮವೆಂದೂ, ತಮ್ಮ ಬಲಗೈ ಹೆಬ್ಬೆರಳು ಎಂದಿನಂತೆಯೇ ಗಟ್ಟಿಮುಟ್ಟಾಗಿದೆಯೆಂದೂ ನಂಬಿದ್ದೇನೆ. ಆ ಹೆಬ್ಬೆರಳಿನ ಪರಾಕ್ರಮವನ್ನು ಲೋಕಕ್ಕೆ ಸಾರುವುದೇ ಈ ಪತ್ರದ ಉದ್ದೇಶ.

ಹರಿಹರ ಇಲ್ಲೇ ಮಗ್ಗುಲಲ್ಲಿರುವಾಗ, ರೈಲು ಹತ್ತಿ ಬಾಯಿಗೆ ಹಾಕಿಕೊಂಡ ಎಲೆಯಡಿಕೆ ಮುಗಿಯುವಷ್ಟರಲ್ಲಿ ಬಂದು ಇಳಿಯಬಹುದಾಗಿರುವಾಗ, ಎದುರಿಗೆ ಹೇಳುವುದು ಬಿಟ್ಟು ಊರ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುವುದೇಕೆಂದು ತಾವು ಕೇಳಬಹುದು. ಅಳಿಯಂದಿರಿಗೆ ಎದುರಾಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ನಮ್ಮ ಅವ್ವ ಬಸವಣ್ಣೆಮ್ಮ ಅದನ್ನು ನನಗೆ ಬಿಡಿಸಿ ಹೇಳಿದ್ದಾಳೆ: "ಲೇ ಹಾಲೇಶಿ, ಅಳಿಯಂದ್ರಿಗೆ ಒಂದು ಮಾತು ಅಂದ್ಯೋ, ಈ ಮನ್ಯಾಗೆ ನಾನು ನೀರು ಮುಟ್ಟಂಗಿಲ್ಲ ನೋಡು." ಬಾಯಲ್ಲಿ ಅನ್ನಬಾರದೆಂದು ಆಣೆಯಿದೆಯೇ ಹೊರತು ಅಚ್ಚಿನಲ್ಲಿ ಅನ್ನಬಾರದೆಂದು ಇಲ್ಲ. ಅವ್ವನಿಗೆ ಅಕ್ಷರ ಬಾರದು, ಪತ್ರಿಕೆ ಓದಿ ಹೇಳುವವನು ನಾನೊಬ್ಬನೇ. ಈ ವಾರ ಹತ್ತಿಯ ದರ ಬಿಟ್ಟರೆ ಬೇರೆ ಸುದ್ದಿಯಿಲ್ಲವೆಂದು ಹೇಳಲಿದ್ದೇನೆ.

ತಮಗೆ ಗೊತ್ತಿರುವ ಸಂಗತಿಯನ್ನೇ ಓದುಗರ ಸಲುವಾಗಿ ಮತ್ತೊಮ್ಮೆ ಹೇಳಬೇಕಾಗಿದೆ. ನಮ್ಮ ಅಪ್ಪ ತೀರಿಕೊಂಡಾಗ ಆತನದೊಂದು ಚಿತ್ರವೂ ಮನೆಯಲ್ಲಿರಲಿಲ್ಲ. ಆತನ ಮೂಗು ಹೇಗಿತ್ತೆಂದು ನಾನೂ ಅಕ್ಕನೂ ಇಂದಿಗೂ ಜಗಳವಾಡುತ್ತೇವೆ. ನಾನು ಈ ಕಸುಬಿಗೆ ಬಿದ್ದದ್ದೇ ಆ ಕಾರಣಕ್ಕೆ. ಆದರೆ ಊರವರನ್ನೆಲ್ಲ ಕೂರಿಸಿ ಫೋಟೋ ಹಿಡಿದ ನನಗೆ, ಸ್ಟುಡಿಯೋದ ಕೆಳಗಿನ ಮನೆಯಲ್ಲೇ ಇರುವ ನನ್ನ ಅವ್ವ ಮಾತ್ರ ಒಮ್ಮೆಯೂ ಕೂರಲಿಲ್ಲ. "ಗಂಡ ಹೋದಾಕಿಗೆ ಫೋಟೋ ಯಾಕ? ನೋಡಿದೋರು ಏನಂದಾರು? ಬ್ಯಾಡ ಬಿಡು" ಎಂದು ಪ್ರತಿ ಹಬ್ಬಕ್ಕೂ ಒಂದೇ ಮಾತು. ಆಕೆಗೆ ವಯಸ್ಸಾಗುತ್ತಿದೆ, ನನಗೆ ಒಳಗೊಳಗೇ ಹೆದರಿಕೆ. ಆಕೆಯದೊಂದು ಚೊಕ್ಕ ಫೋಟೋ ಬೇಕು ಎಂಬುದೊಂದೇ ನನ್ನ ಆಸೆ.

ಇಂಥ ಬೆಟ್ಟವನ್ನು ತಾವು ಒಂದೇ ಮಾತಿನಲ್ಲಿ ಅಲುಗಿಸಿದಿರಿ. ಬಲಿಪಾಡ್ಯಮಿಯ ದಿನ ಎಣ್ಣೆನೀರು ಹಾಕಿಸಿಕೊಂಡು, ಹೊಸ ಧೋತರವುಟ್ಟು, ಹೋಳಿಗೆಯ ಮೇಲೆ ತುಪ್ಪ ಬೇಡವೆನ್ನುತ್ತಲೇ ಬಟ್ಟಲು ಬರಿದು ಮಾಡಿದ ತಾವು, ಬಾಗಿಲ ಮರೆಯಲ್ಲಿ ನಿಂತಿದ್ದ ಅವ್ವನಿಗೆ, "ಅತ್ತಿಯೋರೆ, ಒಂದು ಫೋಟೋಕ್ಕೆ ಕುಂದ್ರಿ. ಹರಿಹರದಾಗ ನಮ್ಮನ್ಯಾಗ ಹಾಕ್ಕೊಂತೀವಿ" ಎಂದಿರಿ. ಆಕೆ ಸೆರಗು ಸರಿಮಾಡಿಕೊಂಡು, "ಅಳಿಯಂದ್ರು ಅಂದ ಮ್ಯಾಲೆ ಇಲ್ಲ ಅನ್ನಾಕೆ ಬರ್ತೈತಾ?" ಎಂದುಬಿಟ್ಟಳು. ಹೆತ್ತ ಮಗ ಗೋಗರೆದರೂ ಒಪ್ಪದವಳು ಹೋಳಿಗೆ ತಿಂದವರಿಗೆ ಒಪ್ಪಿದಳಲ್ಲ ಎಂದು ಹೊಟ್ಟೆ ಉರಿಯಿತು, ಸುಳ್ಳೇಕೆ. ಆದರೂ ಆ ಗಳಿಗೆಯಲ್ಲಿ ತಮ್ಮ ಕಾಲಿಗೆ ಬೀಳಲು ನಾನು ಸಿದ್ಧನಿದ್ದೆ.

ತಾವು ಅಷ್ಟಕ್ಕೇ ನಿಲ್ಲಿಸಿದ್ದರೆ ಮನುಷ್ಯರೆನಿಸುತ್ತಿದ್ದಿರಿ. ಅಳಿಯದೇವರಾಗಿ ನಿಲ್ಲಲಾದೀತೇ? ಎಲ್ಲರೂ ಮಾಳಿಗೆ ಹತ್ತಿದ ಮೇಲೆ, ನಾನು ಕತ್ತಲೆಕೋಣೆಗೆ ಹೋಗಿ ಫಿಲ್ಮು ತುಂಬಿಕೊಂಡು ಬರುವಷ್ಟರಲ್ಲಿ ತಾವು ಕ್ಯಾಮೆರಾದ ಮುಚ್ಚಳ ತೆಗೆದು, ಬೊಂಬಾಯಿಯಿಂದ ತರಿಸಿದ ಜರ್ಮನಿಯ ಲೆನ್ಸಿನ ಮೇಲೆ ನೀಲಿ ಮಿರುಗನ್ನು ಕಂಡು, ಕಂದೀಲಿನ ಗಾಜಿಗೆ ಹಿಡಿಯುವ ಸೀಮೆಎಣ್ಣೆಯ ಕಲೆ ಇದೇ ಎಂದು ತೀರ್ಮಾನಿಸಿ, ಒಲೆಯ ಬೂದಿ ಒರಟಾದೀತೆಂದು ಅವ್ವನ ಪೂಜೆಯ ತಟ್ಟೆಯಿಂದ ವಿಭೂತಿ ಗಟ್ಟಿಯನ್ನು ಆಕೆಯ ಕೈಯಿಂದಲೇ ತರಿಸಿಕೊಂಡು, ಪುಡಿಮಾಡಿ ಉದುರಿಸಿ, ಗಂಜಿ ಬಿಡದ ಹೊಸ ಧೋತರದ ಅಂಚನ್ನು ಹೆಬ್ಬೆರಳಿಗೆ ಸುತ್ತಿಕೊಂಡು, ನಡುವಿನ ನೀಲಿಯೆಲ್ಲ ಮಾಯವಾಗುವ ತನಕ ತಿಕ್ಕಿಬಿಟ್ಟಿದ್ದಿರಿ. ಬೆವರೊರೆಸಿಕೊಳ್ಳುತ್ತ ತಾವು ನನಗೆ ಕೊಟ್ಟ ಉಪದೇಶ ಇನ್ನೂ ಕಿವಿಯಲ್ಲಿದೆ: "ಹೊಸಾದು ಅಂತ ಹೇಳಿ ನಿನಗೆ ಹಳೇ ಮಾಲು ಕಟ್ಟ್ಯಾರ ನೋಡು ಹಾಲೇಶಿ. ಎಷ್ಟು ಕೊಳೆ ಇತ್ತೋ ಮಾರಾಯ! ಈಗ ನೋಡು, ಹೆಂಗೆ ಥಳಥಳ ಅಂತೈತೆ."

ಪಕ್ಕದಲ್ಲಿ ಅವ್ವ ನಿಂತಿದ್ದಳು. ಸಾಲದ್ದಕ್ಕೆ ಆಕೆಯ ಪೂಜೆಯ ವಿಭೂತಿಯ ವಿಷಯ. ನಾನು "ಹೌದ್ರಿ ಭಾವ" ಎಂದೆ.

ಆ ನೀಲಿ ಕೊಳೆಯಲ್ಲ ಎಂದು ತಿಳಿಸಲು ಈಗ ಅಪ್ಪಣೆ ಬೇಡುತ್ತೇನೆ. ಗಾಜಿಗೆ ಬಡಿದ ಬೆಳಕು ಅತ್ತಿತ್ತ ಚೆಲ್ಲಾಡಿ ಚಿತ್ರ ಮಬ್ಬಾಗದಿರಲೆಂದು ಲೆನ್ಸು ಮಾಡಿದವರೇ ಲೇಪಿಸಿದ ಪೊರೆ ಅದು. ಈರುಳ್ಳಿಯ ಒಳಪೊರೆಯೂ ಅದರ ಮುಂದೆ ಕಂಬಳಿ. ತಮ್ಮಷ್ಟು ತಿಳಿವಳಿಕೆಯಿಲ್ಲದ ನಮ್ಮಂಥ ದಡ್ಡರು ಅದನ್ನು ಆದಷ್ಟೂ ಮುಟ್ಟುವುದೇ ಇಲ್ಲ. ಮುಚ್ಚಳ ಹಾಕಿಡುತ್ತೇವೆ. ನಮ್ಮೂರ ಮಿಲ್ಲುಗಳ ಹತ್ತಿಯ ದೂಳು ಎಲ್ಲಿ ಬಿಟ್ಟೀತು, ಕೂತರೆ ಮೊದಲು ರಬ್ಬರಿನ ಉಂಡೆ ಅಮುಕಿ ಗಾಳಿ ಹಾಯಿಸುತ್ತೇವೆ. ಹೋಗದಿದ್ದರೆ ಮೆತ್ತನೆಯ ಕೂದಲಿನ ಕುಂಚವನ್ನು ಸೋಕಿಯೂ ಸೋಕದಂತೆ ಆಡಿಸುತ್ತೇವೆ, ಯಾಕೆಂದರೆ ದೂಳಿರುವಾಗಲೇ ಒರೆಸಿದರೆ ಆ ದೂಳೇ ಗಾಜನ್ನು ಗೀರುತ್ತದೆ. ಬೆರಳಿನ ಜಿಡ್ಡು ಹತ್ತಿದ್ದರಷ್ಟೇ, ಒಗೆದೊಗೆದು ನವೆದ ಮಲ್ಲಿನ ಬಟ್ಟೆಗೆ ಲೆನ್ಸಿನ ಔಷಧವನ್ನು ಒಂದು ಹನಿ, ಬಟ್ಟೆಗೇ ಹೊರತು ಗಾಜಿಗಲ್ಲ, ಹಾಕಿಕೊಂಡು ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ, ಮಲಗಿರುವ ಕೂಸಿನ ಕೆನ್ನೆ ಒರೆಸಿದ ಹಾಗೆ ಒರೆಸಿ ಕೈ ತೆಗೆಯುತ್ತೇವೆ. ಈ ಹೇಡಿತನವನ್ನೆಲ್ಲ ತಾವು ಒಂದೇ ಹೆಬ್ಬೆರಳಿನಿಂದ ನಿವಾರಿಸಿದಿರಿ.

ಅವ್ವ ಮನಸ್ಸು ಬದಲಿಸಿಯಾಳೆಂಬ ಭಯಕ್ಕೆ ನಾನು ಅದೇ ಲೆನ್ಸಿನಲ್ಲಿ ಫೋಟೋ ಹಿಡಿದೆ. ಕಪ್ಪು ಬಟ್ಟೆಯೊಳಗಿನಿಂದ ನಾನು "ಸ್ವಲ್ಪ ನಗು ಅವ್ವ" ಎಂದದ್ದು ವ್ಯರ್ಥವಾಯಿತು. ತಾವು ಮೂಲೆಯಲ್ಲಿ ನಿಂತು ಮೀಸೆಗೆ ಹತ್ತಿದ ವಿಭೂತಿಯನ್ನು ಝಾಡಿಸಲು ಹೋಗಿ ಸೀನಿದಿರಿ, ಆಕೆ ನಕ್ಕಳು. ಅಪ್ಪ ಹೋದ ಮೇಲೆ ಆಕೆ ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಗುಂಡಿ ಒತ್ತಿದೆ. ತೊಳೆದು ನೋಡಿದರೆ ನಗುವೂ ಇಲ್ಲ, ಗದ್ದದ ಮೇಲಿನ ಹಚ್ಚೆಯೂ ಇಲ್ಲ. ಅನ್ನ ಬಸಿಯುವ ಆವಿಯ ಹಿಂದೆ ಯಾರೋ ಹೆಂಗಸು ಕೂತಂತಿದೆ. ಅದನ್ನು ಹಿಡಿದುಕೊಂಡು ಕತ್ತಲೆಕೋಣೆಯಲ್ಲಿ ನಾನು ಅತ್ತುಬಿಟ್ಟೆ, ಭಾವನವರೇ. ಇದನ್ನು ವ್ಯಂಗ್ಯವಿಲ್ಲದೆ ಬರೆಯುತ್ತಿದ್ದೇನೆ.

ಅವ್ವನ ಅಭಿಪ್ರಾಯ ಬೇರೆ. "ಎಷ್ಟು ಬೆಳ್ಳಗೆ ಬಂದೀನೋ! ಒಂದು ಸುಕ್ಕು ಕಾಣವಲ್ಲದು. ಅಳಿಯಂದ್ರು ವಿಭೂತಿ ಹಚ್ಚಿ ತಿಕ್ಕಿದ್ಕೇ ಈ ಕಳೆ ಬಂದೈತೆ" ಎಂದು ಅದಕ್ಕೆ ಕಟ್ಟು ಹಾಕಿಸಿ ದೇವರಗೂಡಿನ ಪಕ್ಕದಲ್ಲೇ ತೂಗುಹಾಕಿಸಿದ್ದಾಳೆ. ಬಂದವರಿಗೆಲ್ಲ ತೋರಿಸುತ್ತಾಳೆ. ಅವರು "ಯಾರಿದು?" ಎಂದು ಕೇಳುತ್ತಾರೆ. ಇನ್ನೊಂದು ಹಿಡಿಯುತ್ತೇನೆಂದರೆ, "ಇಷ್ಟು ಚಲೋದು ಇರುವಾಗ ಇನ್ನೊಂದು ಯಾಕ?" ಎನ್ನುತ್ತಾಳೆ.

ತಮ್ಮ ಉಪಕಾರ ಮನೆಗಷ್ಟೇ ನಿಲ್ಲಲಿಲ್ಲ. ಬೇರೆ ಲೆನ್ಸು ಬರುವ ತನಕ ಇದರಲ್ಲೇ ಗಾಡಿ ಓಡಿಸಬೇಕಾಗಿ ಬಂದು, ಮೆಣಸಿನಕಾಯಿ ಮಂಡಿಯ ಅಜ್ಜಪ್ಪನವರ ಮಗನ ಮದುವೆಯನ್ನೂ ಇದರಲ್ಲೇ ಹಿಡಿದೆ. ಅವರು ಚಿತ್ರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, "ಏನ್ರಿ ಹಾಲೇಶಪ್ಪ, ನಮ್ಮ ಹುಡುಗನ ಮದುವಿ ಹೊಗಿಯಾಗ ಆತೇನ್ರಿ?" ಎಂದರು. ಬೀಗರ ಸಾಲಿನಲ್ಲಿ ಯಾರು ಯಾರೆಂದು ತಿಳಿಯದೆ ಎರಡೂ ಕಡೆಯವರು ಒಬ್ಬನೇ ಮುದುಕನನ್ನು ನಮ್ಮವನೆಂದು ಹೇಳಿಕೊಳ್ಳುತ್ತಿದ್ದಾರೆ. ಒಗ್ಗಟ್ಟು ಬೆಳೆಸುವುದರಲ್ಲಿ ತಮ್ಮನ್ನು ಮೀರಿಸಿದವರಿಲ್ಲ.

ಇಂಥ ಪ್ರತಿಭೆ ಕಂದೀಲಿನ ಗಾಜಿನೊಳಗೇ ಸವೆದುಹೋಗಬಾರದೆಂದು ಸವಿನಯ ವಿಜ್ಞಾಪನೆ. ಹುಣ್ಣಿಮೆಯ ಚಂದ್ರನ ಮೇಲೆ ಕಪ್ಪು ಕಲೆಯಿದೆ. ಏಣಿ ಸಿಕ್ಕರೆ ದಯಮಾಡಿ ಒಂದು ಕೈ ನೋಡಿ. ಪಾರಿವಾಳದ ಕುತ್ತಿಗೆಯಲ್ಲಿ, ನವಿಲಿನ ಗರಿಯಲ್ಲಿ ಇದೇ ಸೀಮೆಎಣ್ಣೆಯ ಕಲೆ ಕಾಣುತ್ತದೆ. ಅವನ್ನೂ ಹಿಡಿದು ತಿಕ್ಕಿ ಬೆಳ್ಳಗೆ ಮಾಡಿಕೊಡಿ. ಸಂಜೆ ತಮ್ಮೂರ ಸೇತುವೆಯ ಕೆಳಗೆ ಹೊಳೆಯ ನೀರು ನೀಲಿಗಟ್ಟುವುದನ್ನು ಕಂಡು ತಾವು ಇಷ್ಟು ದಿನ ಸುಮ್ಮನಿದ್ದದ್ದೇ ಆಶ್ಚರ್ಯ. ಧೋತರ ಸಾಲದಿದ್ದರೆ ನಮ್ಮೂರಿನ ಮಿಲ್ಲುಗಳಿವೆ, ತಾನುಗಟ್ಟಲೆ ಕಳಿಸೋಣ.

ಇಷ್ಟೆಲ್ಲ ಬೈದ ಮೇಲೆ ಕೆಲಸದ ಮಾತಿಗೆ ಬರುತ್ತೇನೆ. ಬೊಂಬಾಯಿಯಿಂದ ಬೇರೆ ಲೆನ್ಸು ಬಂದಿದೆ. ನೀಲಿಯಾಗಿದೆ. ನಾನು ಕೇಳಿದರೆ ಅವ್ವ ಕೂರುವುದಿಲ್ಲ, ಅಕ್ಕ ಕೇಳಿದರೂ ಕೂರುವುದಿಲ್ಲ. ಆಕೆಯನ್ನು ಕ್ಯಾಮೆರಾದ ಮುಂದೆ ಕೂರಿಸುವ ಶಕ್ತಿ ಈ ಭೂಮಿಯ ಮೇಲೆ, ಅದನ್ನು ಕೆಡಿಸಿದವರಿಗೆ ಮಾತ್ರ ಇದೆ. ಆದ್ದರಿಂದ ಸಂಕ್ರಾಂತಿಗೆ ತಾವು ಅಕ್ಕನ ಸಮೇತ ದಯಮಾಡಿಸಿ, ಹೋಳಿಗೆ ತಿಂದು, ಆ ಒಂದು ಮಾತನ್ನು ಮತ್ತೊಮ್ಮೆ ಆಡಬೇಕೆಂದು ಹಲ್ಲು ಕಚ್ಚಿಕೊಂಡು ಬೇಡುತ್ತೇನೆ.

ಹಬ್ಬದ ದಿನವೂ ಬಾಯಿ ಬಿಡದೆ "ಹೌದ್ರಿ ಭಾವ" ಎನ್ನಲಿರುವ,
ತಮ್ಮ ವಿಶ್ವಾಸಿ,
ಹಾಲೇಶಪ್ಪ

ಮರೆತಿದ್ದ ಮಾತು: ತಾವು ಕೇಳಿದರೆ ಕೂರುವೆಯಾ ಎಂದು ಅವ್ವನನ್ನು ಮೊದಲೇ ವಿಚಾರಿಸಿದ್ದೇನೆ. ಕೂರುತ್ತಾಳಂತೆ, ಆದರೆ ಹೋದ ಸಲದ ಹಾಗೆ ಅಳಿಯಂದಿರು ತಮ್ಮ ಕೈಯಾರೆ ಗಾಜು ತಿಕ್ಕಿಕೊಟ್ಟರೆ ಮಾತ್ರ. ಹೊಸ ಲೆನ್ಸು ಕ್ಯಾಮೆರಾದಲ್ಲಿರುತ್ತದೆ, ಅದಕ್ಕೆ ಮುಚ್ಚಳವಿರುತ್ತದೆ, ಮುಚ್ಚಳದ ಮೇಲೆ ನನ್ನ ಕೈಯಿರುತ್ತದೆ. ತಮಗಾಗಿ ಹಳೆಯ ಲೆನ್ಸನ್ನು ವಿಭೂತಿಯ ಪಕ್ಕದಲ್ಲೇ ತಟ್ಟೆಯಲ್ಲಿಟ್ಟಿರುತ್ತೇನೆ. ಅಂಚಿನಲ್ಲಿ ಇನ್ನೂ ಚೂರು ನೀಲಿ ಉಳಿದಿದೆ, ಅವ್ವನ ಎದುರು ಕೂತು ಮನಸೋ ಇಚ್ಛೆ ತಿಕ್ಕಿರಿ, ಮೀಸೆಗೂ ಸ್ವಲ್ಪ ಹತ್ತಲಿ. ಆಕೆ ತಮ್ಮನ್ನು ನೋಡಿ ನಕ್ಕ ಕೂಡಲೇ ನಾನು ಗುಂಡಿ ಒತ್ತುತ್ತೇನೆ.