ಬೆರಳೆಣಿಕೆ

ಭೀಮೇಶನಿಗೆ ಆ ದಿನ ಒದಗಿದ ಫಜೀತಿಗೆಲ್ಲ ಕಾರಣ ಒಂದು ಬೆರಳು. ಅದೂ ಅವನ ಬೆರಳಲ್ಲ.

ಯರಗುಪ್ಪಿಯ ಗ್ರಂಥಾಲಯ ನೋಡಿಕೊಳ್ಳುವ ಭೀಮೇಶನಿಗೆ ಪುಸ್ತಕಕ್ಕಿಂತ ಫೋಟೋದ ಹುಚ್ಚು ಜಾಸ್ತಿ. ಆರು ವರ್ಷದಿಂದ ಮೊಬೈಲಿನಲ್ಲೇ ತೆಗೆಯುತ್ತ ಬಂದಿದ್ದ. ಎರೆಹೊಲದ ಬಿರುಕು, ಎತ್ತಿನ ಕಣ್ಣು, ಬಾವಿ ಮೆಟ್ಟಿಲಿನ ನೆರಳು, ಎಲ್ಲವನ್ನೂ ಫೇಸ್‌ಬುಕ್ಕಿಗೆ ಹಾಕುತ್ತಿದ್ದ. ಹೆಂಡತಿ ಶಿವಗಂಗಾ ಒಂದು ಲೈಕ್ ಒತ್ತುತ್ತಿದ್ದಳು, ಆಕೆಯ ತಮ್ಮ ‘ಸೂಪರ್ ಮಾವಾ’ ಅನ್ನುತ್ತಿದ್ದ. ಅಲ್ಲಿಗೆ ಕಲೆ ಮುಗಿಯುತ್ತಿತ್ತು. ಒಮ್ಮೆ ಭೀಮೇಶ ಕೈತಪ್ಪಿ ಕರೆಂಟ್ ಬಿಲ್ಲಿನ ಫೋಟೋ ಹಾಕಿದ್ದ. ಅದಕ್ಕೂ ‘ಸೂಪರ್ ಮಾವಾ’ ಬಂತು. ಅಂದಿನಿಂದ ಅವನಿಗೆ ಮೈದುನನ ಹೊಗಳಿಕೆ ರುಚಿಸುತ್ತಿರಲಿಲ್ಲ.

ಹೀಗಿರುವಾಗ ಧಾರವಾಡದ ‘ನೋಟ ಬಳಗ’ ಎಂಬ ಫೋಟೋ ಆಸಕ್ತರ ಫೇಸ್‌ಬುಕ್ ಗುಂಪು ಒಂದು ಸ್ಪರ್ಧೆ ಕರೆಯಿತು. ವಿಷಯ ‘ದುಡಿಯುವ ಕೈ’. ಗುಂಪಿನಲ್ಲಿ ಫೋಟೋ ಹಾಕಬೇಕು. ಆರಿಸಿದ್ದನ್ನು ಚೌಕಟ್ಟು ಕಟ್ಟಿಸಿ, ಕೆಳಗೆ ಹೆಸರು ಬರೆದು, ಧಾರವಾಡದಲ್ಲಿ ಮೂರು ದಿನ ಗೋಡೆಗೆ ತೂಗುಹಾಕುತ್ತಾರೆ. ತನ್ನ ಹೆಸರು ಒಂದು ಗೋಡೆಯ ಮೇಲೆ! ಭೀಮೇಶ ಮದುವೆಯ ಹಂದರದ ಮೇಲೆ ಬಿಟ್ಟರೆ ಮತ್ತೆಲ್ಲೂ ತನ್ನ ಹೆಸರು ಬರೆದದ್ದನ್ನು ಕಂಡಿರಲಿಲ್ಲ.

ಬಾಜು ಮನೆಯ ಫಕೀರವ್ವನಿಗೆ ಎಪ್ಪತ್ತರ ಮೇಲೆ ವಯಸ್ಸು. ಆಕೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಿಕೊಂಡು ಆರಿಸುತ್ತಿದ್ದಳು. ಸಂಜೆ ಬಿಸಿಲು ಓರೆಯಾಗಿ ಬಿದ್ದಿತ್ತು. ಭೀಮೇಶ ಬಗ್ಗಿ, ಕೂತು, ಕೊನೆಗೆ ಅಂಗಾತ ಮಲಗಿ ಒಂದು ಫೋಟೋ ಹೊಡೆದ. ತೆರೆದ ಎಡಗೈ, ಅದರ ತುಂಬ ಕೆಂಪು ಮೆಣಸಿನಕಾಯಿ, ಹಿಂದೆ ನಗುವ ಮುದುಕಿ. ‘ಖಾರದ ಕೈ’ ಎಂದು ಹೆಸರಿಟ್ಟು ಗುಂಪಿಗೆ ಹಾಕಿ, ಉಂಡು ಮಲಗಿದ.

ಬೆಳಿಗ್ಗೆ ಎದ್ದು ನೋಡಿದರೆ ಮುನ್ನೂರ ಹನ್ನೆರಡು ಲೈಕು! ಒಬ್ಬರು ಹೂವಿಟ್ಟಿದ್ದರು, ಒಬ್ಬರು ಕೈ ಮುಗಿದಿದ್ದರು. ನಿವೃತ್ತ ಪ್ರಾಧ್ಯಾಪಕರೊಬ್ಬರಂತೂ ‘ಈ ಅಂಗೈಯ ಗೆರೆಗಳಲ್ಲಿ ನೆಲದ ಚರಿತ್ರೆಯೇ ಇದೆ’ ಎಂದು ಬರೆದಿದ್ದರು. ಭೀಮೇಶ ಅದನ್ನು ನಾಲ್ಕು ಸಲ ಓದಿದ. ಐದನೆಯ ಸಲ ಶಿವಗಂಗಾಳಿಗೆ ಓದಿ ಹೇಳಿದ.

“ಛಲೋ ಆತು,” ಅಂದಳು ಆಕೆ, ರೊಟ್ಟಿ ಬಡಿಯುತ್ತ. “ನನ್ನ ಅಂಗೈಯಾಗೂ ಹನ್ನೊಂದು ವರ್ಷದ ಹಿಟ್ಟಿನ ಚರಿತ್ರೆ ಐತಿ. ಒಂದ್ ದಿನಾನೂ ನಿಮಗ ಕಂಡಿಲ್ಲ.”

ಭೀಮೇಶನ ಗಮನ ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ಯಾರೋ ಒಬ್ಬ ‘ಎಡಕ್ಕೆ ಬೆಳಕು ತುಸು ಜಾಸ್ತಿಯಾಗಿದೆ’ ಎಂದಿದ್ದ. ಮುನ್ನೂರು ಮಂದಿಯ ಮೆಚ್ಚುಗೆ ಹಾಲಿನಂತೆ ಗಂಟಲಿಳಿದು ಹೋಗಿ, ಈ ಒಂದು ಮಾತು ಮಾತ್ರ ಹಲ್ಲಿನ ಸಂದಿಯ ಜೋಳದ ಸಿಪ್ಪೆಯಂತೆ ಸಿಕ್ಕಿಕೊಂಡಿತು. ಗ್ರಂಥಾಲಯಕ್ಕೆ ಹೋಗುವ ದಾರಿಯುದ್ದಕ್ಕೂ ಅವನು ಅದನ್ನೇ ನಾಲಿಗೆಯಿಂದ ನೂಕುತ್ತ ನಡೆದ.

ಹತ್ತೂವರೆಗೆ ನಿಜವಾದ ಸಿಡಿಲು ಬಡಿಯಿತು. ಸುಶ್ರುತ ಎಂಬವನು ಎರಡೇ ಶಬ್ದ ಬರೆದಿದ್ದ: ‘ಬೆರಳು ಎಣಿಸಿ.’

ಭೀಮೇಶ ಎಣಿಸಿದ. ಆರು ಇದ್ದವು.

ಇರಲೇಬೇಕಲ್ಲ! ಫಕೀರವ್ವನ ಎಡಗೈಗೆ ಹುಟ್ಟಿನಿಂದಲೂ ಆರು ಬೆರಳು. ಕಿರುಬೆರಳಿನ ಬಾಜು ಇನ್ನೊಂದು ಕಿರುಬೆರಳು. ಊರವರು ಅದನ್ನು ನೋಡಿ ನೋಡಿ, ನೋಡುವುದನ್ನೇ ಬಿಟ್ಟಿದ್ದರು. ಆದರೆ ಈಗ ಕಂಪ್ಯೂಟರು ತಾನೇ ಚಿತ್ರ ಬರೆಯುವ ಕಾಲ. ಎಐ ಎಂಬ ಆ ಯಂತ್ರಕ್ಕೆ ಎಲ್ಲ ಬರುತ್ತದೆ, ಬೆರಳು ಎಣಿಸುವುದೊಂದು ಬಿಟ್ಟು ಎಂದು ಪೇಟೆಯವರಿಗೆಲ್ಲ ಗೊತ್ತು. ಆರು ಬೆರಳು ಕಂಡಿತೆಂದರೆ ಫೋಟೋ ಖೊಟ್ಟಿ, ಯಂತ್ರ ಹುಟ್ಟಿಸಿದ್ದು ಎಂದೇ ಲೆಕ್ಕ.

ಅರ್ಧ ತಾಸಿನಲ್ಲಿ ಹೂವಿದ್ದಲ್ಲಿ ನಗೆಯ ಮುಖಗಳು ಬಂದು ಕೂತವು. ಪ್ರಾಧ್ಯಾಪಕರು ‘ನನಗೆ ಮೊದಲೇ ಅನುಮಾನವಿತ್ತು. ಗೆರೆಗಳಲ್ಲಿ ಜೀವವಿಲ್ಲ’ ಎಂದು ಹೊಸದಾಗಿ ಬರೆದರು. ಭೀಮೇಶ ‘ಈ ಅಜ್ಜಿಗೆ ನಿಜವಾಗಿಯೂ ಆರು ಬೆರಳಿವೆ’ ಎಂದು ಒತ್ತಿದ. ‘ಹೌದಾ? ನಮ್ಮ ಅಜ್ಜಿಗೆ ಎರಡು ತಲೆ’ ಎಂದು ಉತ್ತರ ಬಂತು.

ಗ್ರಂಥಾಲಯದಲ್ಲಿ ದಿನಾ ಬಂದು ಮೂರೂ ಪೇಪರನ್ನು ಜಾಹೀರಾತು ಸಮೇತ ಓದುವ ಯಲ್ಲಪ್ಪ, ಪೇಪರಿನ ಮೇಲಿಂದ ಕಣ್ಣು ತೂರಿಸಿದ. “ಯಾಕೋ ಭೀಮ್ಯಾ, ಮಾರಿ ಹಿಂಡಿದ ನಿಂಬಿಹಣ್ಣ ಆಗೇತಲ್ಲ?”

ಹೇಳಬಾರದಿತ್ತು. ಹೇಳಿಬಿಟ್ಟ.

“ಏನಂದಿ? ನಮ್ಮೂರ ಮುದುಕಿ ಖೊಟ್ಟಿ ಅಂತಾರ?” ಯಲ್ಲಪ್ಪ ಎದ್ದು ನಿಂತ. “ನಾ ಬರೀತೀನಿ ಅವಂಗ!” ಅವನಿಗೆ ಮೊಬೈಲಿನಲ್ಲಿ ಒತ್ತಿ ಬರೆಯಲು ಬರುತ್ತಿರಲಿಲ್ಲ. ಬಾಯಿಂದ ಹೇಳಿದರೆ ಅದೇ ಬರೆದುಕೊಳ್ಳುತ್ತಿತ್ತು. ಅವನು ಜೋರಾಗಿ ಹೇಳಿದ್ದು, “ಆಕಿ ನಮ್ಮೂರಾಕಿ, ಆಕಿ ಕೈ ಖರೇ ಐತಿ.” ಮೊಬೈಲು ಬರೆದುಕೊಂಡದ್ದು, ‘ಹಾಕಿ ನಮ್ಮೂರ ಹಾಕಿ, ಹಾಕಿ ಕಾಯಿ ಕರಿ ಐತಿ.’ ಯಲ್ಲಪ್ಪ ಅದನ್ನು ಕಳಿಸಿ, ಗೆದ್ದವನಂತೆ ಮೀಸೆ ಸವರಿದ.

ಎದುರಿಗೆ ಮಾಬುಸಾಬನ ಚಾದಂಗಡಿ. ಸುದ್ದಿ ಅಲ್ಲಿಗೆ ಹೋಗಿ ಒಂದು ಕುದಿ ಬರುವಷ್ಟರಲ್ಲಿ ಊರಿನ ಹದಿನೈದು ಮಂದಿ ಫಕೀರವ್ವನ ಪರವಾಗಿ ಗುಂಪಿಗೆ ನುಗ್ಗಿದ್ದರು. ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಹೋದ ತಿಂಗಳು ಊರಿಗೊಂದು ಹೊಸ ಟ್ರ್ಯಾಕ್ಟರ್ ಬಂದಿತ್ತು. ಎಲ್ಲರೂ ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಂಡು ಅದನ್ನೇ ತಮ್ಮ ಖಾತೆಗೆ ಅಂಟಿಸಿದ್ದರು. ಸುಶ್ರುತ ಬರೆದ: ‘ಹದಿನೈದು ಖಾತೆ, ಒಂದೇ ಟ್ರ್ಯಾಕ್ಟರ್. ಮುದುಕಿಯಷ್ಟೇ ಅಲ್ಲ, ಊರೇ ಖೊಟ್ಟಿ.’

ಮಧ್ಯಾಹ್ನದ ಹೊತ್ತಿಗೆ ಸ್ಪರ್ಧೆಯ ಯಾದಿಯಿಂದ ‘ಖಾರದ ಕೈ’ ಮಾಯವಾಯಿತು. ಭೀಮೇಶ ಧೈರ್ಯ ಮಾಡಿ ಬಳಗದ ಮುಖ್ಯಸ್ಥ ಏಕನಾಥರಿಗೆ ಫೋನ್ ಹಚ್ಚಿದ. ಅವರು ಸಮಾಧಾನದ ಮನುಷ್ಯ. “ನೋಡ್ರಿ ಭೀಮೇಶ, ಖೊಟ್ಟಿ ಅಂದವರು ಬಹಳ ಮಂದಿ ಇದ್ದಾರ. ನೀವು ಆ ಅಜ್ಜೀನ್ನ ವಿಡಿಯೋ ಕಾಲ್‌ನಾಗ ತೋರಿಸ್ರಿ. ಖರೇ ಇದ್ರ ಎಲ್ಲಾರ ಮುಂದ ತಪ್ಪೊಪ್ಪಿಗೋತೀವಿ. ಐದರೊಳಗ ಮಾತ್ರ ಆಗಬೇಕು, ಇವತ್ತ ತೀರ್ಪು ಅದ.”

ಭೀಮೇಶ ಗ್ರಂಥಾಲಯಕ್ಕೆ ಬೀಗ ಜಡಿದು ಓಡಿದ. ಹಿಂದೆ ಯಲ್ಲಪ್ಪ, ಅವನ ಹಿಂದೆ ಕಿಟ್ಲಿ ಹಿಡಿದುಕೊಂಡೇ ಮಾಬುಸಾಬ.

ಫಕೀರವ್ವ ಮಾಳಿಗೆಯ ಮೇಲಿದ್ದಳು. ಎಲ್ಲ ಕೇಳಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿದಳು. “ನಾ ಇಲ್ಲಂತ ಯಾವನೋ ಅಂದಾವ?”

“ಇಲ್ಲಂತಲ್ಲ ಅವ್ವಾ. ಮಶೀನು ಮಾಡಿದ್ದು ಅಂತಾರ.”

“ನಮ್ಮವ್ವ ಮಾಡಿದ್ದು ಅಂತ ಹೇಳ ಅವಂಗ! ವರ್ಷಕ್ಕೊಮ್ಮಿ ಪಿಂಚಣಿ ಸಲುವಾಗಿ ಬ್ಯಾಂಕಿಗೆ ಹೋಗಿ ನಾ ಜೀವಂತ ಅದೀನಿ ಅಂತ ತೋರಿಸಿ ಬರ್ತೀನಿ. ಅವರು ಬರೇ ಹೆಬ್ಬಟ್ಟ ಕೇಳ್ತಾರ. ಇವ್ರಿಗೆ ಆರೂ ಬೇಕಂತೇನು?”

ಆದರೂ ಆಕೆ ಒಪ್ಪಿದಳು. ಒಪ್ಪಿದ್ದೇ ತಡ, ಸಲಹೆಗಳು ಶುರುವಾದವು. ಈ ಹಳೇ ಸೀರೆಯಲ್ಲಿ ಊರ ಮರ್ಯಾದೆ ಹೋಗುತ್ತದೆಂದು ಶಿವಗಂಗಾ ತನ್ನ ಇಳಕಲ್ ಸೀರೆ ತಂದು ಉಡಿಸಿದಳು. ಕೈ ಕಪ್ಪಗಿದ್ದರೆ ಬೆರಳು ಕಾಣಿಸುವುದಿಲ್ಲವೆಂದು ಯಲ್ಲಪ್ಪ ಪೌಡರ್ ಹಚ್ಚಿಸಿದ. ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ತನ್ನ ಅಂಗಡಿಯ ಕಟ್ಟೆಯಲ್ಲಿ ಮಾತ್ರ ಅಗದಿ ಛಲೋ ಸಿಗುತ್ತದೆ ಎಂದ ಮಾಬುಸಾಬ. ಅದು ಖರೆಯೂ ಹೌದು, ವ್ಯಾಪಾರವೂ ಹೌದು. ಹಾಗಾಗಿ ಇಳಕಲ್ ಸೀರೆಯ ಫಕೀರವ್ವ ಪೌಡರಿನ ಕೈಯನ್ನು ಎತ್ತಿ ಹಿಡಿದುಕೊಂಡು ಮುಂದೆ, ಅರ್ಧ ಊರು ಹಿಂದೆ, ಮದುಮಗಳ ಮೆರವಣಿಗೆಯಂತೆ ಚಾದಂಗಡಿಗೆ ಬಂದರು. ಆಗಲೇ ನಾಲ್ಕೂಕಾಲು.

ಕಾಲ್ ಹತ್ತಿತು. ಪರದೆಯ ಮೇಲೆ ಏಕನಾಥರು, ಅವರ ಪಕ್ಕ ಕನ್ನಡಕದ ಸುಶ್ರುತ. ಅವನೂ ತೀರ್ಪುಗಾರರಲ್ಲಿ ಒಬ್ಬನಂತೆ. ಫಕೀರವ್ವ ದೊಡ್ಡ ಮಂದಿಯನ್ನು ಕಂಡು ಎರಡೂ ಕೈ ಜೋಡಿಸಿದಳು.

“ಅಜ್ಜಿ, ಕೈ ಜೋಡಿಸಿದರೆ ಎಣಿಸೋದು ಕಷ್ಟ,” ಅಂದ ಸುಶ್ರುತ.

“ಕೈ ಬೀಸವ್ವಾ, ಕೈ ಬೀಸ!” ಅಂದ ಯಲ್ಲಪ್ಪ. ಆಕೆ ಹೊಲದಲ್ಲಿ ಗುಬ್ಬಿ ಓಡಿಸುವಂತೆ ಬೀಸಿದಳು. ಪರದೆಯ ಮೇಲೆ ಹನ್ನೆರಡು ಬೆರಳು ಕಂಡವು.

“ಲೇ ಯಲ್ಲಪ್ಪಾ, ಬಾಯಿ ಮುಚ್ಚಲೇ!” ಭೀಮೇಶ ಕೂಗಿ, ಆಕೆಯ ಮಣಿಕಟ್ಟು ಹಿಡಿದು ನಿಲ್ಲಿಸಿದ. ಮಾಬುಸಾಬ ಗಟ್ಟಿಯಾಗಿ ಎಣಿಸಿದ. ಇಡೀ ಕಟ್ಟೆ ದನಿಗೂಡಿಸಿತು. “ಒಂದೂ... ಎರಡೂ... ಮೂರೂ...” ಆರಕ್ಕೆ ಬಂದಾಗ ಒಬ್ಬ ಸಿಳ್ಳೆ ಹೊಡೆದ.

ಸುಶ್ರುತ ಕನ್ನಡಕ ಸರಿಮಾಡಿಕೊಂಡ. “ಆ ಕೊನೇದು ಅಂಟಿಸಿದ್ದಿರಬಹುದು. ಅಲ್ಲಾಡಿಸಿ ತೋರಿಸ್ತೀರಾ ಅಜ್ಜಿ?”

ಫಕೀರವ್ವ ಮೊಬೈಲನ್ನು ಭೀಮೇಶನ ಕೈಯಿಂದ ಕಸಿದುಕೊಂಡಳು. “ಏ ತಮ್ಮಾ, ನನ್ನ ನೋಡಾಕ ಬಂದ ಬೀಗರು ಸೈತ ಹಿಂಗ ಕೇಳಿರಲಿಲ್ಲ. ಲಕ್ಷ್ಮೀ ಬೆರಳ ಐತಿ ಅಂತ ಎಲಿ ಅಡಿಕಿ ಕೊಟ್ಟು ಹೋಗಿದ್ರು. ಅಲ್ಲಾಡಸ್ತೀನಿ. ಮೊದಲ ನಿನ್ನ ಕೈ ತೋರಸು. ನೀನರ ಖರೇ ಅದೀಯೋ ಇಲ್ಲೋ ನನಗೇನ ಗೊತ್ತು?”

ಸುಶ್ರುತ ಬೆಪ್ಪಾಗಿ ಕೈ ಎತ್ತಿದ. ಫಕೀರವ್ವ ನಿಧಾನವಾಗಿ ಎಣಿಸಿದಳು. “ಐದ. ಸಾದಾ ಮಾಲು,” ಅಂದಳು. ಆಮೇಲೆ ತನ್ನ ಆರನೆಯ ಬೆರಳನ್ನು ಅವನ ಮುಖಕ್ಕೆ ಹಿಡಿದು, ಬಾ ಬಾ ಎಂದು ಕರೆದಂತೆ ಮೂರು ಸಲ ಅಲ್ಲಾಡಿಸಿದಳು.

ಏಕನಾಥರು ಅಲ್ಲೇ ಎದ್ದು ಕೈ ಮುಗಿದರು. ಸುಶ್ರುತನೂ ಮುಗಿದ. ಹತ್ತು ನಿಮಿಷದಲ್ಲಿ ಗುಂಪಿನಲ್ಲಿ ತಪ್ಪೊಪ್ಪಿಗೆ ಬಂತು. ಪ್ರಾಧ್ಯಾಪಕರು ‘ಗೆರೆಗಳಲ್ಲಿನ ಜೀವವನ್ನು ನಾನು ಮೊದಲೇ ಗುರುತಿಸಿದ್ದೆ’ ಎಂದು ಮತ್ತೊಮ್ಮೆ ಬರೆದರು. ಕಟ್ಟೆಯ ಮೇಲೆ ಜಾತ್ರೆ ನೆರೆದಂತಾಯಿತು. ಯಲ್ಲಪ್ಪ ಇದೆಲ್ಲ ತನ್ನ ಕಮೆಂಟಿನಿಂದ ಆದದ್ದೆಂದು ಹೇಳಿಕೊಂಡು ಎರಡು ಚಾ ಕುಡಿದ. ಭೀಮೇಶನ ಕಣ್ಣ ಮುಂದೆ ಧಾರವಾಡದ ಬಿಳಿ ಗೋಡೆ ಬಂದು ನಿಂತಿತು.

ಐದಕ್ಕೆ ಸರಿಯಾಗಿ ಏಕನಾಥರ ಫೋನ್.

“ಭೀಮೇಶ, ಮೊದಲು ಅಭಿನಂದನೆ ಹೇಳಬೇಕೋ ಕ್ಷಮಾ ಕೇಳಬೇಕೋ ತಿಳೀವಲ್ತು.”

“ಎರಡೂ ಹೇಳ್ರಿ ಸರ್, ನನಗ ವ್ಯಾಳ್ಯಾ ಐತಿ,” ಅಂದ ಭೀಮೇಶ, ನಗುತ್ತ.

“ಏನಾತಂದ್ರ, ಈ ವರ್ಷ ನಾವು ಮಶೀನ್ ಚಿತ್ರಕ್ಕೂ ಒಂದು ಬ್ಯಾರೆ ವಿಭಾಗ ಮಾಡೀವಿ. ಮಧ್ಯಾಹ್ನ ಗಲಾಟಿ ಆತಲ್ಲ, ಆಗ ನಿಮ್ಮದನ್ನ ಆ ಕಡೆ ಸರಿಸಿದ್ವಿ. ಅಲ್ಲಿ ತೀರ್ಪುಗಾರರು ಮೂರೂ ಮಂದಿ ಒಮ್ಮತದಿಂದ ನಿಮಗ ಮೊದಲನೇ ಸ್ಥಾನ ಕೊಟ್ಟಿದ್ರು. ಸುಶ್ರುತ ಅಂತೂ ಏನು ಬರದಾನ ಗೊತ್ತೇನು? ‘ಯಂತ್ರವೊಂದು ಮನುಷ್ಯನ ನಗುವನ್ನು ಇಷ್ಟು ಆಳವಾಗಿ ಹಿಡಿದದ್ದು ಇದೇ ಮೊದಲು. ಆರನೆಯ ಬೆರಳಂತೂ ಅದ್ಭುತ ಕಲ್ಪನೆ’ ಅಂತ.”

ಭೀಮೇಶನ ಎದೆ ಹಿಗ್ಗಿ, ಅರ್ಧಕ್ಕೇ ನಿಂತಿತು. “ಕೊಟ್ಟಿದ್ರು ಅಂದ್ರ?”

“ಈಗ ಫೋಟೋ ಖರೇ ಅಂತ ನೀವ ಸಾಬೀತು ಮಾಡಿ ತೋರಿಸಿದ್ರಲ್ಲ. ಖರೇ ಫೋಟೋಕ್ಕ ಆ ವಿಭಾಗದಾಗ ಜಾಗಾ ಇಲ್ಲ. ನಿಯಮ ನಿಯಮ.”

“ಹಂಗಾರ ಕ್ಯಾಮೆರಾದ ವಿಭಾಗಕ್ಕ ಹಾಕ್ರಲ್ಲ!”

“ಅಲ್ಲಿ ನಿಮ್ಮ ಜಾಗಾ ಮಧ್ಯಾಹ್ನನ ಬ್ಯಾರೆಯವರಿಗೆ ಕೊಟ್ಟೀವಿ. ಒಂದು ಕುಂಬಾರರ ಕೈ. ಅವರಿಗೆ ತಿಳಿಸಿನೂ ಆತು.”

ಭೀಮೇಶ ಕಟ್ಟೆಯ ಮೇಲೆ ಕೂತುಬಿಟ್ಟ. “ಸರ್, ಅಂದ್ರ ನಾ ಇವತ್ತ ಸುಮ್ನ ಮನಿಯಾಗ ಮಲಕೊಂಡಿದ್ರ...”

“ಮೊದಲನೇ ಸ್ಥಾನ,” ಅಂದರು ಏಕನಾಥರು, ಮನಃಪೂರ್ವಕ ಮರುಗುತ್ತ.

ಅವನು ಯಾರಿಗೂ ಏನೂ ಹೇಳದೆ ಮನೆಗೆ ಬಂದ. ಫಕೀರವ್ವ ಇಳಕಲ್ ಸೀರೆ ಬಿಚ್ಚಿ ಮಡಿಸಿಟ್ಟು, ಹಳೆಯದನ್ನೇ ಉಟ್ಟು, ಮತ್ತೆ ಮಾಳಿಗೆ ಏರಿದ್ದಳು. ಕೆಳಗೆ ನಿಂತವನನ್ನು ಕಂಡು ಕೂಗಿದಳು. “ಏನಂದ್ರೋ ಧಾರವಾಡದವ್ರು? ನಾ ಖರೇ ಅದೀನಿ ಅಂತ ಒಪ್ಪಿದ್ರೋ ಇಲ್ಲೋ?”

“ಒಪ್ಪಿದ್ರವ್ವಾ. ಎಲ್ಲಾರೂ ಒಪ್ಪಿದ್ರು.”

“ಮತ್ತ ನಿನ್ನ ಫೋಟೋ?”

“ಅದೂ ಖರೇ ಅಂತ ಒಪ್ಪಿದ್ರು. ಅದಕ್ಕ ತಗದು ಹಾಕಿದ್ರು.”

ಫಕೀರವ್ವನಿಗೆ ಅರ್ಥವಾಗಲಿಲ್ಲ. ಆಕೆ ಅರ್ಥ ಮಾಡಿಕೊಳ್ಳುವ ಗೋಜಿಗೂ ಹೋಗಲಿಲ್ಲ. “ಹೋಗ್ಲಿ ಬಿಡೋ. ನಿಮ್ಮ ಗದ್ದಲದಾಗ ನನ್ನ ಅರ್ಧ ದಿನದ ಕೆಲಸ ಹಾಳಾತು. ಬಾ ಮ್ಯಾಲ, ಹೊತ್ತ ಮುಳಗೂದ್ರಾಗ ಚೀಲಕ್ಕ ತುಂಬೂಣು. ನೀ ಬಾಯಿ ಹಿಡಿ.”

ಭೀಮೇಶ ಏಣಿ ಹತ್ತಿ, ಚೀಲದ ಬಾಯಿ ಅಗಲಿಸಿ ಹಿಡಿದ. ಮುದುಕಿ ಬೊಗಸೆ ಬೊಗಸೆ ಎತ್ತಿ ಸುರಿಯತೊಡಗಿದಳು. ಘಾಟಿಗೆ ಇಬ್ಬರೂ ಒಟ್ಟಿಗೆ ಸೀನಿದರು. ಆಕೆಗೆ ನಗು ಬಂತು. ಯಾಕೋ ಅವನಿಗೂ ಬಂತು. ಕಣ್ಣೀರು ಒರೆಸಿಕೊಳ್ಳದೆ ನೋಡಿದರೆ, ಬೊಗಸೆಯ ಮೇಲೆ ಬಿಸಿಲು ಬಂಗಾರದ ಹಾಗೆ ಬಿದ್ದಿತ್ತು. ನಿನ್ನೆಗಿಂತ ನೂರು ಪಟ್ಟು ಚೆಂದ. ಎಡಕ್ಕೂ ಜಾಸ್ತಿಯಿಲ್ಲ, ಬಲಕ್ಕೂ ಕಡಿಮೆಯಿಲ್ಲ.

“ಅವ್ವಾ, ಒಂದ್ ನಿಮಿಷ ತಡಿ, ಮೊಬೈಲ್...”

“ಚೀಲಾ ಬಿಟ್ಟೆಂದ್ರ ನೋಡು!” ಅಂದಳು ಫಕೀರವ್ವ.

ಭೀಮೇಶ ಎರಡೂ ಕೈಯಿಂದ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡ.