ನಾಲ್ಕು ಅಂಕಿ ಬಲ್ಲ ದರ್ಜಿ

ಕೋರ್ಟಿನಲ್ಲಿ ನಗು ಬರುವುದು ನಗಬಾರದ ಹೊತ್ತಿನಲ್ಲೇ. ಶಹಾಪುರದ ವಕೀಲಿಕೆಯಲ್ಲಿ ಒಂದೇ ಕೇಸು ನನ್ನನ್ನು ಹಾಗೆ ಮತ್ತೆ ಮತ್ತೆ ನಗಿಸಿತು. ಇವತ್ತಿಗೂ ನಾಚಿಕೆಯಾಗುತ್ತದೆ.

ವಕಾಲತ್ತು

ನನ್ನ ಕಕ್ಷಿದಾರ ಎಟಿಎಂ ಪಕ್ಕದ ದರ್ಜಿ. ಓದು ಬಾರದವರು ಕಾರ್ಡು ಕೊಟ್ಟರೆ ದುಡ್ಡು ತೆಗೆದುಕೊಡುತ್ತಿದ್ದ. ಕೊಂಕಲ್‌ನ ಒಬ್ಬ ಮುದುಕಿಯ ಹೊಲ ಕಾಲುವೆಗೆ ಹೋಗಿತ್ತು. ಪರಿಹಾರದ ಹಣ ಖಾತೆಯಿಂದ ಮಾಯವಾಯಿತು. ಅವಳ ಮಗ ದೂರು ಕೊಟ್ಟ, ಪೊಲೀಸರು ದರ್ಜಿಯನ್ನು ಹಿಡಿದರು.

“ತಗದದ್ದು ನಾನೇ ರೀ. ಕಾರ್ಡು ತಂದಾಂವ ಆ ಮಗನೇ, ರೊಕ್ಕ ಅವನ ಕೈಯಾಗೇ ಕೊಟ್ಟೀನಿ” ಎಂದ ದರ್ಜಿ.

“ಎಷ್ಟು ಮಂದೀದು ಗುಪ್ತ ನಂಬರ್ ಗೊತ್ತದ ನಿನಗ?” ಎಂದೆ.

“ಖರೇ ಅಂದ್ರ, ನನ್ನ ಹೆಂಡ್ತೀದೊಂದ ಗೊತ್ತಿಲ್ರಿ.”

ವಿಡಿಯೋ

ವಿಚಾರಣೆಯ ಹೊತ್ತಿಗೆ ಅರ್ಧ ಹೊಲಿದ ಮದುವೆ ಕುಬಸಗಳನ್ನೂ ಜನ ವಾಪಸ್ ಒಯ್ದಿದ್ದರು. ಅವನ ಹೆಂಡತಿ ನಲ್ಲಿಗೆ ಹೋಗುವುದನ್ನೇ ಬಿಟ್ಟಿದ್ದಳು. ಕೋರ್ಟಿನಲ್ಲಿ ಎಟಿಎಂ ಕ್ಯಾಮೆರಾದ ವಿಡಿಯೋ ಹಾಕಿದರು.

“ಕ್ಯಾಮೆರಾ ನೋಡಿ ನಗುತ್ತಿದ್ದೀಯಲ್ಲ, ಯಾಕೆ?” ನ್ಯಾಯಾಧೀಶರು ಕೇಳಿದರು.

“ಫೋಟೋ ತೆಗೀತದರಿ ಅದು. ಸಿಟ್ಟಿನ ಮಾರಿ ಯಾಕ ತೋರ್ಸಲಿ?”

ಸಾಕ್ಷಿ

ವಿಡಿಯೋದ ಅಂಚಿನಲ್ಲಿ ದುಡ್ಡು ಇಸಿದುಕೊಳ್ಳುವ ಕೈಯೊಂದಿತ್ತು. ಅದರ ಚಿತ್ರವನ್ನು ಮುದುಕಿಗೆ ಕೊಟ್ಟು, “ಈ ಕೈ ಯಾರದವ್ವಾ?” ಎಂದೆ.

ಅವಳು ಅದನ್ನು ಕಣ್ಣಿನ ಹತ್ತಿರ ಹಿಡಿದಳು. ಚಿತ್ರದ ಸೊಟ್ಟ ಬೆರಳನ್ನು ಮೆಲ್ಲಗೆ ಸವರಿದಳು.

“ನನ್ನ ಮಗಂದರಿ. ಸಣ್ಣಾಂವಿದ್ದಾಗ ಕುಡಗೋಲು ಬಡದಿತ್ತು. ನಾನೇ ಅರಿಷಿಣ ಹಚ್ಚಿ ಕಟ್ಟಿದ್ದೆ.”

“ಪೊಲೀಸರಿಗೆ ಮೊದಲೇ ಯಾಕೆ ಹೇಳಲಿಲ್ಲ?” ನ್ಯಾಯಾಧೀಶರು ಕೇಳಿದರು.

“ಕೈ ಯಾರು ತೋರ್ಸಿದ್ರಿ? ಎಲ್ಲಾರೂ ದರ್ಜಿ ಮಾರೀನೇ ತೋರ್ಸಿದ್ರು.”

ನನಗೂ ನಗು ಬಂತು. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಾಗ ಎಲ್ಲರದೂ ನಿಂತಿತು.

ತೀರ್ಪು

“ಆರೋಪಿ ದೋಷಮುಕ್ತ” ಎಂದರು ನ್ಯಾಯಾಧೀಶರು.

ದರ್ಜಿ ಕೈಮುಗಿದು ಕೇಳಿದ: “ಎಷ್ಟು ವರ್ಷ ರೀ?”

ಎಲ್ಲರೂ ನಕ್ಕರು. ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಜೈಲಿಗೆಂದು ಚಾದರ, ತಟ್ಟೆ ಗಂಟು ಕಟ್ಟಿಕೊಂಡು ಕೂತಿದ್ದಳು.

ಹೊರಗೆ ಬಂದರೆ ಬೇವಿನ ಮರದ ಕೆಳಗೆ ಮುದುಕಿ ಒಬ್ಬಳೇ ನಿಂತಿದ್ದಳು. ಈಗ ಕೇಸು ಮಗನ ಮೇಲೆ ತಿರುಗಿತ್ತು, ಅವನು ಜಾಮೀನಿಗೆ ಓಡಾಡುತ್ತಿದ್ದ. ಅವಳು ದರ್ಜಿಯ ಮುಂದೆ ಕಾರ್ಡು ಹಿಡಿದಳು.

“ತಮ್ಮಾ, ಈ ತಿಂಗಳ ಮುದುಕರ ಪಗಾರ್ ಬಂದದಂತ. ತಗದಕೊಡಪ್ಪಾ. ನಿನ್ನ ಬಿಟ್ರ ನನಗ್ಯಾರದಾರ?”

ದರ್ಜಿಯ ಕಣ್ಣು ತುಂಬಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿದ: “ಅವ್ವಾ, ವಕೀಲ್ರು ಸಾಲಿ ಕಲ್ತಾರ. ಅವರ ಕೈಯಾಗ ಕೊಡು.”

ಅವಳು ನನ್ನತ್ತ ತಿರುಗುವಷ್ಟರಲ್ಲಿ ನನ್ನ ಎರಡೂ ಕೈ ಕರಿ ಕೋಟಿನ ಹಿಂದಿದ್ದವು.