ನಾಲ್ಕು ಗಾಲಿಗಳ ಜಗಳ

ಶ್ರಾವಣಿ, ವಿನೀತ, ಗಂಡಸರು ಒಂದು ಗಾಡಿ ಕೊಂಡರೆ ಅದರ ಜೊತೆಗೆ ಒಂದಿಷ್ಟು ತಿಳಿವಳಿಕೆಯೂ ಪುಕ್ಕಟೆಯಾಗಿ ಬರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಹೋದ ಸೀಗೆ ಹುಣ್ಣಿಮೆಯಂದು ಆ ನಂಬಿಕೆ ಮೇಡ್ಲೇರಿಯ ನಮ್ಮ ಹೊಲದ ದಾರಿಯ ಎರೆಮಣ್ಣಿನಲ್ಲಿ ಹೂತುಹೋಯಿತು. ಅಂದು ನೀವಿಬ್ಬರೂ ಕೆಸರು ಕಂಡ ಕೂಡಲೇ ಚಪ್ಪಲಿ ಬಿಟ್ಟು ಓಡಿದ್ದಿರಿ, ಹೀಗಾಗಿ ನಡೆದದ್ದು ನಿಮಗೆ ಗೊತ್ತಿಲ್ಲ. ನಿಮ್ಮ ಅಪ್ಪಂದಿರನ್ನು ಕೇಳಿದರೆ ಎರಡು ಕಥೆ ಸಿಗುತ್ತವೆ. ಒಂದೊಂದರಲ್ಲೂ ಗೆದ್ದವರು ಹೇಳುವವರೇ.

ವಿನೀತನ ಅಪ್ಪ, ಅಂದರೆ ನನ್ನ ಮಗ ಮಹಾಂತೇಶ, ಹಾವೇರಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಅವನು ಕೊಂಡದ್ದು ಆಲ್ ವೀಲ್ ಡ್ರೈವ್ ಎಂಬ ಬಿಳಿ ಕಾರು. ಶ್ರಾವಣಿಯ ಅಪ್ಪ, ಅಂದರೆ ನನ್ನ ಅಳಿಯಂದಿರು ಶಿವಾನಂದ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಗಳು. ಅವರು ಕೊಂಡದ್ದು ಫೋರ್ ವೀಲ್ ಡ್ರೈವ್ ಎಂಬ ಕರಿ ಜೀಪು. ಎರಡಕ್ಕೂ ಗಾಲಿ ನಾಲ್ಕೇ, ಜಗಳಕ್ಕೆ ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಮನೆಯಲ್ಲಿ ಯಾವ ಹಬ್ಬವಾದರೂ ಹೋಳಿಗೆಗಿಂತ ಮೊದಲು ಗಾಲಿಯ ಮಾತೇ ಬಡಿಸಲ್ಪಡುತ್ತಿತ್ತು.

"ಮಾಮಾರ, ನನ್ನ ಗಾಡಿಗೆ ಏನೂ ಹೇಳೂದ ಬ್ಯಾಡ್ರಿ. ಯಾವ ಗಾಲಿಗೆ ಎಷ್ಟು ಜೋರು ಕೊಡಬೇಕು ಅಂತ ತಾನ ತಿಳಕೊಂಡು ಹಂಚತೈತಿ" ಎಂದು ಇವನು.

"ಅದು ಪ್ಯಾಟಿ ರಸ್ತಾಕ್ಕ ಸಾಕಪಾ ಮಾಂತೇಶಾ. ಕೆಸರಿಗೆ ನಂದ ಬೇಕು. ನಾಲ್ಕೂ ಗಾಲಿ ಹೋರಿ ಎಳದಂಗ ಎಳೀತಾವ" ಎಂದು ಅವರು. ಆ ಜೀಪು ಅಲ್ಲಿಯತನಕ ದಾಟಿದ ಅತಿ ಕಠಿಣವಾದ ಹಾದಿ ಎಂದರೆ ಬ್ಯಾಡಗಿ ಮಾರುಕಟ್ಟೆಯ ಸಿಮೆಂಟು ನೆಲ.

ನಿಮ್ಮ ಅಜ್ಜ ಮೂವತ್ತು ವರ್ಷ ರಾಣೆಬೆನ್ನೂರಿನಲ್ಲಿ ಕಚೇರಿಯೊಂದರ ಜೀಪು ಓಡಿಸಿದವರು. ಊಟಕ್ಕೆ ಕೂತರೆ ಅವರಿಗೆ ಜೀಪಿನ ಮಾತೇ ಪಲ್ಯ, ಜೀಪಿನ ಮಾತೇ ಚಟ್ನಿ. ಹೀಗಾಗಿ ಈ ವಿಷಯದಲ್ಲಿ ನನಗೂ ನಾಲ್ಕು ಅಕ್ಷರ ಬರುತ್ತಿತ್ತು. ಆದರೆ ಹೇಳುವುದು ಹೇಗೆ? ಅತ್ತೆಯಾದವಳು ಅಳಿಯನ ಮುಖ ನೋಡಿ ಮಾತಾಡಬಾರದು ಎಂದು ತವರಿನಲ್ಲಿ ಕಲಿಸಿದ್ದರು. ಹದಿನಾಲ್ಕು ವರ್ಷ ನಾನು ಮಗಳು ಗಿರಿಜೆಯ ಮೂಲಕವೇ ಮಾತಾಡಿದ್ದೇನೆ. ಅವರು ಎದುರಿಗೇ ಕೂತಿರುತ್ತಾರೆ, ನಾನು "ಇನ್ನೊಂದು ರೊಟ್ಟಿ ಬೇಕೇನು ಕೇಳವ್ವಾ" ಎನ್ನುತ್ತೇನೆ. ಅವರು "ಸಾಕಂತ ಹೇಳು" ಎನ್ನುತ್ತಾರೆ. ನಡುವೆ ಗಿರಿಜೆ ಟಪಾಲಿನವಳಂತೆ ನಿಂತಿರುತ್ತಾಳೆ.

ಸೀಗೆ ಹುಣ್ಣಿಮೆಗೆ ಹೊಲಕ್ಕೆ ಹೋಗಿ, ಅಡುಗೆಯನ್ನು ಭೂತಾಯಿಗೆ ಚರಗವಾಗಿ ಚೆಲ್ಲಿ, ಆಮೇಲೆ ಎಲ್ಲರೂ ಉಣ್ಣುವುದು ನಮ್ಮ ಪದ್ಧತಿ. ಅಜ್ಜ ಹೋದ ಮೇಲೆ ಮೊದಲ ಹಿಡಿ ಚೆಲ್ಲುವುದು ನನ್ನ ಕೈಗೆ ಬಂತು. ವರ್ಷದಲ್ಲಿ ಅದೊಂದೇ ದಿನ ಯಾರೂ ನನ್ನನ್ನು "ನೀ ಕುಂದ್ರು" ಎನ್ನುವುದಿಲ್ಲ. ಆದರೆ ಮೊಣಕಾಲು ಕೆಸರಿನಲ್ಲಿ ನಡೆಯಲು ಒಪ್ಪುವುದಿಲ್ಲ. ಗಾಡಿ ಹೊಲ ಮುಟ್ಟಿದರೆ ಮಾತ್ರ ನಾನು ಮುಟ್ಟಿದಂತೆ.

ಹಿಂದಿನ ದಿನ ಮಳೆಯಾಗಿತ್ತು. ಚಕ್ಕಡಿ ದಾರಿಯಲ್ಲಿ ಮುಂದೆ ಹೊರಟ ಮಹಾಂತೇಶನ ಕಾರು ಐವತ್ತು ಹೆಜ್ಜೆಗೆ ಹೊಟ್ಟೆ ಊರಿ ಕೂತುಬಿಟ್ಟಿತು. ತಾನೇ ತಿಳಿದು ಹಂಚುವ ಗಾಡಿಯಲ್ಲವೇ, ನಾಲ್ಕೂ ಗಾಲಿಗೆ ಪಕ್ಷಪಾತವಿಲ್ಲದೆ ಕೆಸರು ಹಂಚಿತು. ಅಳಿಯಂದಿರು ನಗುತ್ತಾ ಪಕ್ಕದಿಂದ ಜೀಪು ನುಗ್ಗಿಸಿದರು. ಹಿಂದಿನ ಗಾಲಿಗಳು ಗರಗರ ತಿರುಗಿದವು, ಮುಂದಿನವು ಬೀಗರ ಮನೆಗೆ ಬಂದವರಂತೆ ಸುಮ್ಮನೆ ನಿಂತವು. ಗಿರಿಜೆ ನೂಕಲು ಇಳಿದಳು, ಚರಗದ ಬುಟ್ಟಿ ಹಿಡಿದು ನಾನು ಜೀಪಿನ ಹಿಂದಿನ ಸೀಟಿನಲ್ಲೇ ಉಳಿದೆ.

ನಮ್ಮ ಹೊಲ ಪಾಲಿಗೆ ಮಾಡುವ ಫಕೀರಪ್ಪ ಧೋತರ ಎತ್ತಿ ಕಟ್ಟಿ ಬಂದ. "ಎರಡು ಗಾಡಿ ತರೂ ಬದ್ಲಿ ಒಂದು ಚಕ್ಕಡಿ ಹೇಳಿದ್ರ ಆಗ್ತಿತ್ತಲ್ರಿ! ಹೊತ್ತಾತು, ಬುಟ್ಟಿ ಕೊಡ್ರಿ, ನಾವ ಚೆಲ್ಲಿ ಬರ್ತೇವಿ."

"ಹೌದು ಬೇ ಯವ್ವಾ, ನೀ ಗಾಡ್ಯಾಗ ಕುಂದ್ರು" ಎಂದ ಮಹಾಂತೇಶ.

ಆ 'ಕುಂದ್ರು' ನನಗೆ ನಾಟಿತು. ಫಕೀರಪ್ಪ ಬುಟ್ಟಿಗೆ ಕೈ ಹಾಕಿದ್ದ. ನಾನು ಮುಂದೆ ಬಾಗಿ ನೋಡಿದೆ. ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್. ಅದರ ತಲೆಯ ಮೇಲೆ ಗಾಡಿಪೂಜೆಯ ದಿನ ಹಚ್ಚಿದ ಕುಂಕುಮ ಇದ್ದಂತೆಯೇ ಇದೆ! ವರ್ಷವಾದರೂ ಒಂದು ಬೆರಳೂ ತಾಗಿಲ್ಲ. ಹೋರಿಗಳಿಗೆ ನೊಗವನ್ನೇ ಕಟ್ಟಿರಲಿಲ್ಲ. ಗಿರಿಜೆ ಹಿಂದೆ ಕೆಸರಿನಲ್ಲಿದ್ದಳು, ಟಪಾಲು ಬಂದ್.

"ಆ ಸಣ್ಣ ಲಿವರ್ ಹಾಕ್ರಿ" ಎಂದೆ.

ಅಳಿಯಂದಿರು ಯಾರು ಮಾತಾಡಿದರೆಂದು ಕಿಟಕಿಯ ಹೊರಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅತ್ಯಾರ... ನೀವ ಮಾತಾಡಿದ್ರೇನ್ರಿ?"

"ಮೊದ್ಲು ಗಾಡಿ ನಿಂದರಿಸ್ರಿ. ಅದನ್ನ ಹಾಕ್ರಿ. ಆಮ್ಯಾಲೆ ಹಗೂರಕ ಬಿಡ್ರಿ."

"ಶೋರೂಮಿನವ್ರು ಏನೋ ಹೇಳಿದ್ರು ನೋಡ್ರಿ. ಪೂಜಿ ಗಡಿಬಿಡ್ಯಾಗ ನಾ ಕೇಳಲಿಲ್ಲ."

ಲಿವರ್ ಬಿತ್ತು, ಮುಂದಿನ ಗಾಲಿಗಳು ಕಚ್ಚಿ ಹಿಡಿದವು, ಜೀಪು ಎದ್ದು ಹೊರಟಿತು. ವ್ಯತ್ಯಾಸ ಇಷ್ಟೇ, ಮಕ್ಕಳೇ. ಮಹಾಂತೇಶನದು ಹೇಳದೆಯೇ ಮಾಡುವ ಗಾಡಿ, ಜಾರುವ ರಸ್ತೆಗೆ ಒಳ್ಳೆಯದು, ಆದರೆ ಅದರ ಹೊಟ್ಟೆ ನೆಲಕ್ಕೆ ಹತ್ತಿರ. ಅಳಿಯಂದಿರದು ಹೇಳಿದರೆ ಮಾತ್ರ ಮಾಡುವ ಗಾಡಿ, ಕೆಸರಿಗೆ ಗಟ್ಟಿ, ಆದರೆ ಹೇಳಬೇಕಾದವರು ತಿಳಿವಳಿಕೆಗೆ ದೂರ.

ನನ್ನ ಕೈಯಿಂದಲೇ ಚರಗ ಚೆಲ್ಲಿದೆ. ಊಟಕ್ಕೆ ಕೂತಾಗ ಅಳಿಯಂದಿರು ಫಕೀರಪ್ಪನಿಗೆ ಹೇಳುತ್ತಿದ್ದರು, "ಬೇಕಂತನ ನಾ ಲಿವರ್ ತಡಾ ಮಾಡಿ ಹಾಕಿದೆ. ಮಾಂತೇಶಗ ಫರಕು ತೋರಸಬೇಕಿತ್ತು." ನನ್ನ ಹೆಸರು ಎಲ್ಲೂ ಬರಲಿಲ್ಲ. ನಾನು ತಲೆ ಬಗ್ಗಿಸಿ ಕಡುಬು ತಿಂದೆ.

ಸಂಜೆ ಕಾರನ್ನು ಹಗ್ಗ ಕಟ್ಟಿ ಎಳೆದರು. ನಾನು ಮಗಳ ಮನೆಯಲ್ಲಿ ನಾಲ್ಕು ದಿನ ಇರಲೆಂದು ಜೀಪಿನಲ್ಲೇ ಬ್ಯಾಡಗಿಗೆ ಹೊರಟೆ. ಡಾಂಬರು ರಸ್ತೆ ಬಂದರೂ ಅಳಿಯಂದಿರು ಲಿವರ್ ತೆಗೆಯಲಿಲ್ಲ. ಒಣ ರಸ್ತೆಯಲ್ಲಿ ಅದನ್ನು ಹಾಕಿದಂತೆಯೇ ಬಿಟ್ಟರೆ ತಿರುವಿನಲ್ಲಿ ಮುಂದಿನ ಗಾಲಿ, ಹಿಂದಿನ ಗಾಲಿ ಒಂದಕ್ಕೊಂದು ಜಗಳಾಡಿ ಗೇರುಪೆಟ್ಟಿಗೆ ಕೆಡುತ್ತದೆ ಎಂದು ಅಜ್ಜ ನೂರು ಸಲ ಹೇಳಿದ್ದರು. ಪ್ರತಿ ತಿರುವಿನಲ್ಲಿ ಜೀಪು ಜಗ್ಗಿ ನರಳಿತು. ನಾನು ಸುಮ್ಮನಿದ್ದೆ.

ಜೀಪು ಮೂರು ದಿನ ಗ್ಯಾರೇಜಿನಲ್ಲಿ ಮಲಗಿತು. ಗಿರಿಜೆ ಬಂದು, "ಯವ್ವಾ, ನಿನಗ ಗೊತ್ತಿತ್ತೇನ?" ಎಂದಳು. "ಅಳಿಯಂದ್ರ ಮುಂದ ನಾ ಹ್ಯಾಂಗ ಬಾಯಿ ತಗೀಲೆವ್ವಾ?" ಎಂದು ಸೆರಗು ಎಳೆದುಕೊಂಡೆ. ಆ ಸೆರಗಿನ ಒಳಗೆ ಸಂಕೋಚ ಇರಲಿಲ್ಲ. ಜೀಪಿನಲ್ಲಿ ಒಂದೊಂದು ತಿರುವಿಗೂ ಬಂದಿದ್ದ ನಗು ಇನ್ನೂ ಅಲ್ಲೇ ಇತ್ತು. ಈ ಪುಟಗಳನ್ನು ನಿಮ್ಮ ಪುಸ್ತಕಗಳ ನಡುವೆ ಜೋಪಾನವಾಗಿಡಿ. ಶ್ರಾವಣಿ, ನಿಮ್ಮಪ್ಪನ ಕಣ್ಣಿಗೆ ಮಾತ್ರ ಬೀಳದಿರಲಿ. ತಮ್ಮ ಅತ್ತೆ ಎಂಥ ನಾಚಿಕೆಯ ಹೆಂಗಸೆಂದು ಅವರು ಬ್ಯಾಡಗಿಯ ತುಂಬ ಹೊಗಳುತ್ತಿದ್ದಾರೆ, ಪಾಪ.